ಎರಡೇ ಸಲ ಕರೆದ ಸ್ವರ

ಮನುಷ್ಯನನ್ನು ಕಷ್ಟಕಾಲದಲ್ಲಿ ಕಾಯುವುದು ಮನೆಯ ಹಿರಿಯರು ಹೇಳಿಕೊಟ್ಟ ನಾಲ್ಕು ಮಾತು. ಮಿಕ್ಕ ವಿದ್ಯೆಯೆಲ್ಲ ಹೊಟ್ಟೆಪಾಡು. ಇದನ್ನು ನಾನು ಬಹಳ ಗಂಭೀರವಾಗಿ ನಂಬಿದ್ದೆ. ನಂಬಿದ್ದಕ್ಕೆ ಏನಾಯಿತು ಎಂದು ಹೇಳಲಿಕ್ಕೇ ಈಗ ಬರೆಯುತ್ತಿರುವುದರಿಂದ, ಈ ಸುಭಾಷಿತವನ್ನು ದಯವಿಟ್ಟು ಯಾರೂ ಬರೆದಿಟ್ಟುಕೊಳ್ಳಬೇಡಿ.

ಇದು ನಡೆದದ್ದು. ಕಟ್ಟಿದ ಕತೆಯಾಗಿದ್ದರೆ ಅದರಲ್ಲಿ ನನ್ನನ್ನು ಇದಕ್ಕಿಂತ ಒಳ್ಳೆಯವನಾಗಿ ಕಟ್ಟುತ್ತಿದ್ದೆ.

ನಾನು ಬೆಳ್ತಂಗಡಿಯ ಪಕ್ಕದ ಲಾಯಿಲದವನು. ಮೂಡುಬಿದಿರೆ ಕಡೆಯ ಒಂದು ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದೆ. ಕೊನೆಯ ವರ್ಷ ನನ್ನನ್ನೂ ಬಂಟ್ವಾಳದ ಸಫ್ವಾನನನ್ನೂ ಅನುಭವಕ್ಕೆಂದು ಲೆಸೊಥೊಗೆ ಕಳುಹಿಸಿದರು. ಸುತ್ತಲೂ ದಕ್ಷಿಣ ಆಫ್ರಿಕಾ, ನಡುವೆ ಎತ್ತರದ ಗುಡ್ಡಗಳ ಈ ಸಣ್ಣ ದೇಶ. ಆಫ್ರಿಕಾ ಎಂದರೆ ಸೆಕೆ ಎಂಬ ಅಚಲ ವಿಶ್ವಾಸದಿಂದ ನಾವು ತೆಳ್ಳಗಿನ ಅಂಗಿಗಳನ್ನು ತುಂಬಿಸಿಕೊಂಡಿದ್ದೆವು. ಸಫ್ವಾನನ ಅಣ್ಣ ಗಲ್ಫಿನಿಂದ ಬಿಸಿಲಿಗೆ ಹಚ್ಚುವ ಕ್ರೀಮು ಬೇರೆ ಕಳುಹಿಸಿದ್ದ. ಹೋಗಿ ಇಳಿದದ್ದು ಜುಲೈಯಲ್ಲಿ. ಅಲ್ಲಿ ಅದು ನಡುಚಳಿಗಾಲ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿನ ಬದಲು ಒಂದು ನರಳಾಟ ಮಾತ್ರ ಬರುತ್ತಿತ್ತು.

ಆಸ್ಪತ್ರೆ ಒಂದು ಗುಡ್ಡದ ನೆತ್ತಿಯಲ್ಲಿತ್ತು. ಸಣ್ಣದು, ತಗಡಿನ ಮಾಡು. ರೋಗಿಗಳು ಬಣ್ಣಬಣ್ಣದ ಉಣ್ಣೆಯ ಕಂಬಳಿ ಹೊದ್ದು ಕುದುರೆಯ ಮೇಲೆ ಬರುತ್ತಿದ್ದರು. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ ಹೀಟರಿನ ವಾಸನೆ, ಫಿನಾಯಿಲಿನ ವಾಸನೆ, ಆ ಕಂಬಳಿಗಳಿಗೆ ಹಿಡಿದ ಒಲೆಯ ಹೊಗೆಯ ವಾಸನೆ... ಇವತ್ತಿಗೂ ಎಲ್ಲಾದರೂ ಸೀಮೆಎಣ್ಣೆಯ ವಾಸನೆ ಬಂದರೆ ನನ್ನ ಕೈ ತಣ್ಣಗಾಗುತ್ತದೆ.

ಇದು ನಡೆದ ದಿನ ನನ್ನದು ರಾತ್ರಿ ಪಾಳಿ. ನರ್ಸ್ ದಿನೇಯೋ ಜೊತೆ. ಅವಳಿಗೆ ಐವತ್ತರ ಹತ್ತಿರದ ಪ್ರಾಯ, ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ಅಲ್ಲಿ ಹಿರಿಯ ಹೆಂಗಸರನ್ನು ‘ಮ್ಮೆ’ ಎಂದೂ ಗಂಡಸರನ್ನು ‘ನ್ತಾತೆ’ ಎಂದೂ ಕರೆಯಬೇಕು. ಅಮ್ಮ, ಅಪ್ಪ ಎಂದು ಅರ್ಥ. ನನ್ನ ಕೃಷ್ಣಪ್ರಸಾದ ಎಂಬ ಹೆಸರನ್ನು ಅವಳು ಮೊದಲ ದಿನವೇ ಕತ್ತರಿಸಿ ಕ್ರಿಸ್ ಮಾಡಿದ್ದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

ಗಂಡಸರ ವಾರ್ಡಿನ ಕೊನೆಯ ಮಂಚದಲ್ಲಿ ನ್ತಾತೆ ತುಮೆಲೊ ಎಂಬ ಮುದುಕರಿದ್ದರು. ಹರೆಯವನ್ನೆಲ್ಲ ಚಿನ್ನದ ಗಣಿಯೊಳಗೆ ಕಳೆದವರು. ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿತ್ತು. ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿತ್ತು. ಪಕ್ಕದಲ್ಲಿ ಯಂತ್ರ ಗುಂಯ್ಯೆನ್ನುತ್ತಿತ್ತು. ಸ್ವರ ಪೂರ್ತಿ ಹೋಗಿತ್ತು. ತುಟಿ ಆಡುತ್ತಿತ್ತು ಅಷ್ಟೆ.

ನಡುರಾತ್ರಿ ದಾಟಿದ ಮೇಲೆ ಹೆರಿಗೆ ಕೋಣೆಯಿಂದ ಕರೆ ಬಂತು. ದಿನೇಯೋ ಹೊರಡುತ್ತಾ ನನ್ನ ಭುಜ ತಟ್ಟಿದಳು.

“ಕ್ರಿಸ್, ನಿನಗೆ ಒಂದೇ ಕೆಲಸ. ನ್ತಾತೆಗೆ ಏನಾದರೂ ಬೇಕಾದರೆ ತಗಡಿನ ಮಗ್ಗಿನಿಂದ ಮಂಚಕ್ಕೆ ಬಡಿಯುತ್ತಾರೆ. ಕೇಳಿದ ತಕ್ಷಣ ಎದ್ದು ಹೋಗಿ ನೋಡು. ಆಗದಿದ್ದರೆ ನನ್ನನ್ನು ಕರಿ.”

“ಸರಿ, ಮ್ಮೆ.”

“ನಿದ್ದೆ ಮಾಡಬೇಡ.”

“ಈ ಚಳಿಯಲ್ಲಿ ಹಲ್ಲು ಕಡಿಯುವ ಸದ್ದಿಗೇ ಎಚ್ಚರ ಇರುತ್ತೇನೆ.”

ನಗುತ್ತಾ ಹೋದಳು.

ನಾನು ಮಾಡಿದ ಮೊದಲ ಕೆಲಸವೆಂದರೆ ಹೀಟರನ್ನು ಕಾರಿಡಾರಿನ ಮೇಜಿನ ಬಳಿ ಎಳೆದುಕೊಂಡು, ಗಾಳಿ ಬಾರದಂತೆ ವಾರ್ಡಿನ ಬಾಗಿಲನ್ನು ಅರ್ಧ ಮುಚ್ಚಿದ್ದು. ಕುಳಿತಲ್ಲಿಂದ ಕೊನೆಯ ಮಂಚ ಕಾಣುತ್ತಿರಲಿಲ್ಲ. ಮಗ್ಗಿನ ಸದ್ದಿಗೆ ಕಣ್ಣು ಯಾಕೆ, ಕಿವಿ ಸಾಕಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಹೊರಗೆ ಗಾಳಿ ತಗಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಆಮೇಲೆ ಅದೂ ನಿಂತಿತು. ಯಂತ್ರದ ಗುಂಯ್ ಮಾತ್ರ. ಮೇಜಿಗೆ ತಲೆ ಕೊಟ್ಟೆ. ನಿದ್ದೆ ಮಾಡಲಿಲ್ಲ, ಇದನ್ನು ಯಾವ ದೈವದ ಎದುರು ಬೇಕಾದರೂ ಹೇಳುತ್ತೇನೆ.

ಆಗ ಕೇಳಿಸಿತು.

“ಕಿಟ್ಟಾ...”

ಮೇಜಿನಿಂದ ತಲೆ ಎತ್ತಿದೆ. ಕಿಟ್ಟ ಎಂಬುದು ನನ್ನ ಮನೆಯ ಹೆಸರು. ಲಾಯಿಲದ ನಮ್ಮ ಅಂಗಳ ಬಿಟ್ಟರೆ ಆ ಹೆಸರು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಸಫ್ವಾನನಿಂದ ಕೂಡ ಮುಚ್ಚಿಟ್ಟಿದ್ದೆ. ಗೊತ್ತಾದರೆ ಹಾಸ್ಟೆಲಿನಲ್ಲಿ ಬದುಕಲು ಬಿಡುತ್ತಿರಲಿಲ್ಲ.

ಸ್ವರ ಬಂದದ್ದು ವಾರ್ಡಿನ ಒಳಗಿನಿಂದ. ಹೆಂಗಸಿನ ಸ್ವರ. ಅದು ಗಂಡಸರ ವಾರ್ಡು.

ನಮ್ಮ ಅಜ್ಜಿ ನನಗೆ ಎದೆಹಾಲಿನ ಕಾಲದಿಂದ ಹೇಳಿಕೊಟ್ಟ ಒಂದು ನಿಯಮ ಉಂಟು. ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೆ ಓ ಅನ್ನಬಾರದು. ಎರಡನೆಯ ಸಲಕ್ಕೂ ಅನ್ನಬಾರದು. ಮೂರನೆಯ ಸಲ ಕರೆದರೆ ಮಾತ್ರ ಮನುಷ್ಯರು. ಮನುಷ್ಯರಲ್ಲದವಕ್ಕೆ ಮೂರನೆಯ ಸಲ ಕರೆಯಲಿಕ್ಕೆ ಆಗುವುದಿಲ್ಲ. ನಮ್ಮ ಊರಿನಲ್ಲಿ ಈ ನಿಯಮ ಜಾತಿ ಮತ ನೋಡದೆ ಎಲ್ಲ ಮನೆಗಳಲ್ಲೂ ಜಾರಿಯಲ್ಲಿದೆ.

ಉಸಿರು ಬಿಗಿಹಿಡಿದು ಕುಳಿತೆ.

“ಕಿಟ್ಟಾ... ಲಕ್ಕ್ ಮಗಾ...”

ಏಳು ಮಗಾ ಎಂದು, ತುಳುವಿನಲ್ಲಿ! ಅಲ್ಲಿಯ ಭೂತಗಳಿಗೆ ತುಳು ಬರಲು ಸಾಧ್ಯವಿಲ್ಲ. ಹಾಗಾದರೆ ನಮ್ಮ ಊರಿನದೇ ಯಾವುದೋ ಭೂತ ವೀಸಾ ಇಲ್ಲದೆ ನನ್ನ ಹಿಂದೆ ಬಂದಿದೆ ಎಂದು ಲೆಕ್ಕ ಹಾಕಿದೆ. ಸ್ವರ ಈ ಸಲ ಸೋತಿತ್ತು. ಕೊನೆಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ... ಬಾವಿಯ ಹಗ್ಗ ತುಂಡಾದ ಹಾಗೆ ನಿಂತುಹೋಯಿತು.

ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು ಮೂರನೆಯದಕ್ಕೆ ಕಾದೆ.

ಬರಲಿಲ್ಲ.

ಸತ್ಯ ಹೇಳಬೇಕೆಂದರೆ ಆಗ ನನಗೆ ಹೆಮ್ಮೆಯಾಯಿತು. ಏಳು ಸಮುದ್ರದಾಚೆಗೂ ಅಜ್ಜಿಯ ಮಾತು ಮೀರದ ಮೊಮ್ಮಗ! ಕಿವಿಗೆ ಮಫ್ಲರು ಸುತ್ತಿಕೊಂಡು, ಹೀಟರನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕುಳಿತೆ.

ಎಷ್ಟು ಹೊತ್ತಾಯಿತೋ, ದಿನೇಯೋ ಕೈ ಒರೆಸಿಕೊಳ್ಳುತ್ತಾ ಬಂದಳು. “ಹೆಣ್ಣು ಮಗು” ಎಂದಳು. ಅರ್ಧ ಮುಚ್ಚಿದ ಬಾಗಿಲನ್ನು ನೋಡಿದಳು. ನನ್ನನ್ನು ನೋಡಿದಳು. ಆ ದೊಡ್ಡ ದೇಹ ಹೊತ್ತು ಅವಳು ಓಡಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಮುದುಕರ ಮೂಗಿನ ನಳಿಗೆ ಜಾರಿ ಕುತ್ತಿಗೆಯ ಅಡಿಗೆ ಹೋಗಿತ್ತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಂಬಳಿ ಅರ್ಧ ನೆಲದಲ್ಲಿ. ತಗಡಿನ ಮಗ್ಗು ಗೋಡೆಯ ಬದಿಯಲ್ಲಿ, ಕೈಗೆ ಎಟುಕದಷ್ಟು ದೂರ ಉರುಳಿತ್ತು. ಗಾಳಿ ಮಾಡಿನ ತಗಡು ಬಡಿಯುತ್ತಿದ್ದ ಸದ್ದಿನಲ್ಲಿ ಅದು ಬಿದ್ದದ್ದು ನನಗೆ ಗೊತ್ತಾಗಿರಲಿಲ್ಲ.

“ಎತ್ತು! ಬೆನ್ನಿಗೆ ದಿಂಬು ಕೊಡು!”

ಎತ್ತಿ ಕೂರಿಸಿದೆವು. ನಳಿಗೆ ಸಿಕ್ಕಿಸಿ ಗಾಳಿ ಜಾಸ್ತಿ ಮಾಡಿದಳು. ಬಹಳ ಹೊತ್ತಿನ ಮೇಲೆ ಎದೆ ಒಮ್ಮೆ ಏರಿತು... ಇಳಿಯಿತು... ಮತ್ತೆ ಏರಿತು. ಮುದುಕರು ಕಣ್ಣು ತೆರೆದು ನನ್ನ ಮಣಿಕಟ್ಟು ಹಿಡಿದರು. ಅಷ್ಟು ತಣ್ಣನೆಯ ಕೈಯನ್ನು ನಾನು ಬೇರೆಂದೂ ಮುಟ್ಟಿಲ್ಲ. ತುಟಿ ಆಡಿತು. ಏನು ಹೇಳುತ್ತಿದ್ದಾರೆ ಎಂದು ನಾನು ನೋಡಲು ಹೋಗಲಿಲ್ಲ. ಮುಖ ತಿರುಗಿಸಿದೆ.

“ಏನೂ ಕೇಳಿಸಲಿಲ್ಲವಾ ನಿನಗೆ?” ದಿನೇಯೋ ಮೆಲ್ಲಗೆ ಕೇಳಿದಳು.

“ಇಲ್ಲ, ಮ್ಮೆ. ಮಗ್ಗಿನ ಸದ್ದು ಬರಲಿಲ್ಲ.”

ಕೋರ್ಟಿನಲ್ಲಿ ನಿಲ್ಲುವ ಉತ್ತರ. ಅವಳು ತಲೆ ಆಡಿಸಿದಳು. “ನಾನೇ ಮಗ್ಗನ್ನು ದಾರ ಕಟ್ಟಿ ಇಡಬೇಕಿತ್ತು” ಎಂದಳು. ತಪ್ಪನ್ನು ಅವಳು ತನ್ನ ಸೆರಗಿಗೆ ಕಟ್ಟಿಕೊಳ್ಳುವುದನ್ನು ನಾನು ನೋಡುತ್ತಾ ನಿಂತೆ.

ಬೆಳಕು ಹರಿಯುವಾಗ ಮುದುಕರನ್ನು ಜೀಪಿನಲ್ಲಿ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು.

ಕೋಣೆಗೆ ಬಂದು ಸಫ್ವಾನನನ್ನು ಎಬ್ಬಿಸಿದೆ. ಮೂರು ಹೊದಿಕೆಯ ಅಡಿಯಿಂದ ಮೂಗು ಮಾತ್ರ ಹೊರಗೆ ಬಂತು.

“ನೀನು ರಾತ್ರಿ ವಾರ್ಡಿಗೆ ಬಂದು ನನ್ನನ್ನು ಕರೆದದ್ದಾ?”

“ಎಂತ ಮಾರಾಯ, ಮರ್ಲಾ ನಿನಗೆ? ಈ ಚಳಿಗೆ ಉಮ್ಮ ಕರೆದ್ರೂ ನಾನು ಏಳುದಿಲ್ಲ.”

ಹೆಸರೊಂದನ್ನು ಮಾತ್ರ ಮುಚ್ಚಿಟ್ಟು, ನಡೆದದ್ದನ್ನು ಹೇಳಿದೆ. ಅವನು ಎದ್ದು ಕುಳಿತ.

“ಎರಡೇ ಸಲವಾ?”

“ಎರಡೇ.”

“ಹಾಗಾದ್ರೆ ನೀನು ಏಳದ್ದು ಸರಿ. ನಮ್ಮ ಉಮ್ಮನೂ ಅದೇ ಹೇಳುದು.” ಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡ. “ಆದ್ರೆ ಸಿಸ್ಟರಿಗೆ ಹೇಳ್ಬೇಕಿತ್ತು. ಅವರು ಪಾಪ, ಅವರದ್ದೇ ತಪ್ಪು ಅಂತ ತಿಳ್ಕೊಂಡಿದ್ದಾರಲ್ಲ.”

“ಎಂತ ಅಂತ ಹೇಳುದು? ನಮ್ಮೂರಿನ ಕುಲೆಯೋ ಪ್ರೇತವೋ ಬಂದಿತ್ತು ಅಂತಲಾ?”

ಅವನು ಮತ್ತೆ ಹೊದ್ದು ಮಲಗಿದ.

ಉಳಿದ ದಿನಗಳಲ್ಲಿ ಮುದುಕರ ವಿಷಯವನ್ನು ನಾನು ಯಾರ ಬಳಿಯೂ ಕೇಳಲಿಲ್ಲ. ಕೇಳದಿದ್ದರೆ ಅವರು ಎಲ್ಲೋ ಚೆನ್ನಾಗಿದ್ದಾರೆ ಎಂದಿಟ್ಟುಕೊಳ್ಳಬಹುದು. ಹೊರಡುವ ದಿನ ದಿನೇಯೋ ನನಗೊಂದು ಉಣ್ಣೆಯ ಟೊಪ್ಪಿ ಕೊಟ್ಟಳು. ಒಳ್ಳೆಯ ನರ್ಸ್ ಆಗುತ್ತಿ ಎಂದಳು. ನೆಲ ನೋಡುತ್ತಾ ತೆಗೆದುಕೊಂಡೆ.

ಊರಿಗೆ ಬಂದ ಮರುದಿನ. ನಮ್ಮ ಅಜ್ಜಿ ಎಂದಿನಂತೆ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹೊಗೆಸೊಪ್ಪಿನ ಧೂಳಿಗೆ ಅವರಿಗೂ ಹಳೆಯ ಕೆಮ್ಮು. ಕತ್ತರಿಯಲ್ಲಿ ಎಲೆ ಕತ್ತರಿಸುತ್ತಾ, ತಲೆ ಎತ್ತದೆ ಕೇಳಿದರು.

“ಆ ಕಂಬಳಿ ಹೊದ್ದ ಅಜ್ಜ ಈಗ ಹೇಗಿದ್ದಾರೆ ಕಿಟ್ಟಾ?”

ನಾನು ಚಹಾದ ಲೋಟವನ್ನು ಜಗಲಿಯ ಮೇಲಿಟ್ಟೆ. ಮನೆಯಲ್ಲಿ ಆ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

“ಯಾವ ಅಜ್ಜ?”

“ಬಂದಿದ್ದರಲ್ಲ ಇಲ್ಲಿಗೆ. ಅದೋ, ಆ ಮೆಟ್ಟಿಲಿನ ಹತ್ತಿರ ನಿಂತಿದ್ದರು. ಬಾಯಿ ಆಡ್ತದೆ, ಸ್ವರ ಇಲ್ಲ. ನನ್ನನ್ನೇ ನೋಡ್ತಾರೆ, ಮತ್ತೆ ಹಿಂದಕ್ಕೆ ಕೈ ತೋರಿಸ್ತಾರೆ. ನೋಡಿದ್ರೆ ಅಲ್ಲಿ ನೀನು, ಮೇಜಿಗೆ ತಲೆ ಕೊಟ್ಟು ಕೂತಿದ್ದಿ. ಪಾಪ ಕಂಡಿತು. ಅವರಿಗೆ ಕರೆಯಲಿಕ್ಕೆ ಆಗುದಿಲ್ಲ ಅಂತ ನಾನೇ ನಿನ್ನನ್ನು ಕರೆದೆ.”

ಅಮ್ಮ ಒಳಗಿನಿಂದ ಹೇಳಿದರು, “ಹೌದು ಮಾರಾಯ, ಅತ್ತೆ ಒಂದು ದಿನ ಕೂಗಿದ್ದು ನೋಡ್ಬೇಕಿತ್ತು. ಆಚೆ ಮನೆಯವರು ಕಳ್ಳ ಬಂದ ಅಂತ ಟಾರ್ಚ್ ಹಿಡ್ಕೊಂಡು ಬಂದಿದ್ರು!”

ಅಮ್ಮನಿಗೆ ಅದು ನಗುವ ವಿಷಯ.

“ಮೂರು ಸಲ ಯಾಕೆ ಕರೀಲಿಲ್ಲ ಅಜ್ಜೀ?”

“ಎರಡು ಸಲ ಕರೆದೆ. ಮತ್ತೆ ದಮ್ಮು ಕಟ್ಟಿತು ಮಗಾ. ನನ್ನದೋ ಅವರದ್ದೋ, ದೇವರಿಗೇ ಗೊತ್ತು.”

“ರಾತ್ರಿ ಮೂರು ಸಲ ಕರೆದ್ರೆ ಮಾತ್ರ ಓ ಅನ್ಬೇಕು ಅಂತ ನೀವೇ ಹೇಳಿದ್ದಲ್ವಾ?”

ಅಜ್ಜಿಯ ಕತ್ತರಿ ನಿಂತಿತು. ಈಗ ತಲೆ ಎತ್ತಿ ನನ್ನನ್ನು ನೋಡಿದರು.

“ಅದು ರಾತ್ರಿಗೆ ಅಲ್ವಾ? ನಾನು ಕರೆಯುವಾಗ ಇಲ್ಲಿ ಕೋಳಿ ಕೂಗಿ ಆಗಿತ್ತು.”

ಅಲ್ಲಿ ನಡುರಾತ್ರಿ ದಾಟಿದ ಹೊತ್ತು ಎಂದರೆ ಇಲ್ಲಿ ಬೆಳಗಿನ ಜಾವ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದಿರಲಿಲ್ಲ.

“ನೀನು ಏಳಲಿಲ್ವಾ ಮಗಾ?”



ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತಡ್ಪೆಯನ್ನು ಪಕ್ಕಕ್ಕಿಟ್ಟರು. “ಅವರು ಬದುಕಿದ್ದಾರಾ ಅಂತ ಕೇಳು. ಈಗಲೇ ಕೇಳು. ನನ್ನ ಎದುರು” ಎಂದರು.

ಫೋನ್ ತೆಗೆದು ದಿನೇಯೋಗೆ ಬರೆದೆ. ಆ ರಾತ್ರಿ ನನಗೆ ಒಂದು ಕರೆ ಕೇಳಿಸಿತ್ತು, ನಾನು ಹೆದರಿ ಏಳಲಿಲ್ಲ, ತಪ್ಪು ನಿಮ್ಮದಲ್ಲ, ನ್ತಾತೆ ಹೇಗಿದ್ದಾರೆ ಎಂದು. ಯಾರ ಕರೆ ಎಂದು ಬರೆಯಲಿಲ್ಲ. ಅಜ್ಜಿಯದೋ ನ್ತಾತೆಯದೋ, ಅದು ಇವತ್ತಿಗೂ ನನಗೆ ತಿಳಿಯದು. ಅಜ್ಜಿ ನನ್ನ ಪಕ್ಕದಲ್ಲೇ ಕುಳಿತು, ಓದಲು ಬಾರದ ಆ ಪರದೆಯನ್ನೇ ನೋಡುತ್ತಿದ್ದರು.

ಉತ್ತರ ಸಂಜೆಗೆ ಬಂತು. ನ್ತಾತೆ ತುಮೆಲೊ ಆ ಬೆಳಿಗ್ಗೆಯೇ, ಆಸ್ಪತ್ರೆ ಮುಟ್ಟುವ ಮೊದಲು, ಜೀಪಿನಲ್ಲಿ ತೀರಿಕೊಂಡಿದ್ದರು.