ಗುಬ್ಬಚ್ಚಿ ಫ್ರಾಕು ಹೊಲಿದವರು

ನಂಬರಮ್ಮನಿಗೆ ಆ ಹೆಸರು ಬಂದದ್ದು ಲಾಂಡ್ರಿಯಲ್ಲಿ. ಮೂವತ್ತೊಂದು ವರ್ಷ ಅವರು ಒಂದೇ ಮೇಜಿನ ಹಿಂದೆ ಕೂತು, ಒಗೆಯಲು ಬಂದ ಬಟ್ಟೆಗಳ ಕಾಲರಿನ ಒಳಮಗ್ಗುಲಿಗೆ, ಎಷ್ಟು ಒಗೆದರೂ ಬಿಡದ ಕಪ್ಪು ಮಸಿಯಲ್ಲಿ ನಂಬರು ಬರೆದರು. ಗಿರಾಕಿಯ ಮುಖ ಮರೆತರೂ ನಂಬರು ಮರೆಯುವವರಲ್ಲ. ರಸ್ತೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿ ಹೋದರೆ ಜೊತೆಗಿದ್ದ ತಂಗಿ, "ಯಾರೇ ಅಕ್ಕ ಅವರು?" ಎಂದು ಕೇಳುವಳು. "ನಾನೂರ ಹದಿನೇಳು. ಎಡಗೈ ಕಫ್ ಮೇಲೆ ಯಾವಾಗಲೂ ಶಾಯಿ ಕಲೆ" ಎನ್ನುವರು ನಂಬರಮ್ಮ. ಹೆಸರು ಹೇಳು ಎಂದರೆ ತಬ್ಬಿಬ್ಬಾಗುವರು.

ಮದುವೆಯಾಗಲಿಲ್ಲ. ಯಾಕೆಂದು ಕೆದಕಿದವರನ್ನು "ಇಸ್ತ್ರಿ ಕೆಡದ ಗಂಡು ಸಿಗಲಿಲ್ಲ" ಎಂದು ನಗಿಸಿ ಕಳಿಸಿಬಿಡುತ್ತಿದ್ದರು. ತಂಗಿ ತೀರಿಕೊಂಡಳು. ಮರುವರ್ಷವೇ ಲಾಂಡ್ರಿಯೂ ಬಾಗಿಲು ಹಾಕಿತು. ಆಮೇಲೆ ಅವರು ತಂಗಿಯ ಮಗಳ ಮನೆಗೆ ಬಂದು ಸೇರಿದರು.

ಆ ಹುಡುಗಿ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಬಟ್ಟೆಗಳ ಅಂಗಡಿ ಇಟ್ಟಿದ್ದಳು. ಹಳೆಯದೆಂದರೆ ಹರಿದು ಬಿಸಾಡಿದ್ದಲ್ಲ. ಮೂವತ್ತು ನಲವತ್ತು ವರ್ಷ ಯಾರದೋ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿದು ಕೂತಿದ್ದ ಕೋಟು, ಶರಟು, ಫ್ರಾಕುಗಳು. ಅಂಥವನ್ನು ಹುಡುಕಿಕೊಂಡು ಬರುವ ಜನರೂ ಇದ್ದಾರೆಂಬುದೇ ನಂಬರಮ್ಮನಿಗೆ ಸೋಜಿಗ. "ನಾನೂ ಹಳಬಳು. ನನ್ನನ್ನೂ ಹ್ಯಾಂಗರಿಗೆ ಹಾಕು, ಯಾರಾದ್ರೂ ಒಯ್ಯಲಿ" ಎನ್ನುವರು. ಆದರೂ ಕಲೆ ತೆಗೆಯುವುದು, ಗುಂಡಿ ಹಾಕುವುದು, ಕಾಲರು ನೆಟ್ಟಗೆ ಮಾಡುವುದು ಎಲ್ಲ ಅವರ ಕೈಗೇ ಬಂತು.

ಒಂದು ಬೆಳಗ್ಗೆ ಹುಡುಗಿ ಒಂದು ಮಗುವಿನ ಫ್ರಾಕು ತಂದು ಅವರ ಮಡಿಲಲ್ಲಿ ಹಾಕಿದಳು. ತಿಳಿ ಹಸಿರು ಹತ್ತಿ ಬಟ್ಟೆ. ಕತ್ತಿನ ಹಿಂದೆ ಹೆಬ್ಬೆರಳಗಲದ ಬಿಳಿ ಪಟ್ಟಿ, ಅದರಲ್ಲಿ ಕಂದು ದಾರದಲ್ಲಿ ನೇಯ್ದ ಒಂದು ಗುಬ್ಬಚ್ಚಿ. ಕೊಕ್ಕು ಮಾತ್ರ ಕೆಂಪು.

"ದೊಡ್ಡಮ್ಮ, ಇದು ಯಾರದ್ದು ಗೊತ್ತಾ? ಗಿರಾಕಿ ಒಬ್ಬರು ಕೇಳ್ತಿದ್ದಾರೆ. ಅವರಮ್ಮ ಚಿಕ್ಕವರಿದ್ದಾಗ ಗುಬ್ಬಚ್ಚಿ ಫ್ರಾಕು ಹಾಕ್ಕೊಳ್ತಿದ್ರಂತೆ. ಮಾಡಿದವರು ಯಾರು, ಎಲ್ಲಿ ಹೋದರು ಅಂತ ತಿಳೀಬೇಕಂತೆ. ಫೋನಲ್ಲಿ ಎಷ್ಟು ತಡಕಿದ್ರೂ ಏನೂ ಇಲ್ಲ."

"ಅಯ್ಯೋ, ಗುಬ್ಬಚ್ಚಿ ಗೊತ್ತಿಲ್ಲದೇನೇ? ಲಾಂಡ್ರಿಗೆ ರಾಶಿ ರಾಶಿ ಬರ್ತಿತ್ತು" ಎಂದರು ನಂಬರಮ್ಮ. ಅದಕ್ಕಿಂತ ಹೆಚ್ಚು ಅವರಿಗೂ ತಿಳಿದಿರಲಿಲ್ಲ. ಸಾವಿರಾರು ಬಟ್ಟೆ ಕೈಯಲ್ಲಿ ಹಾದುಹೋಗಿದ್ದವು, ತೊಡುವವರ ನಂಬರೆಲ್ಲ ಬಾಯಿಪಾಠವಾಗಿತ್ತು. ಹೊಲಿದವರು ಯಾರು ಎಂದು ಒಂದು ದಿನವಾದರೂ ಯೋಚಿಸಿದವರಲ್ಲ. ಅದು ಅವರ ಮನಸ್ಸಿಗೆ ಮುಳ್ಳಿನ ಹಾಗೆ ನಾಟಿತು. "ಕೊಡು ಇಲ್ಲಿ, ನಾನು ವಿಚಾರಿಸ್ತೀನಿ" ಎಂದು ಫ್ರಾಕನ್ನು ಚೀಲಕ್ಕೆ ಹಾಕಿಕೊಂಡರು.

ಮೊದಲು ಹೋದದ್ದು ಲೇಬಲ್ಲು ನೇಯುವವರ ಹತ್ತಿರ. ರೈಲು ಹಳಿಯ ಪಕ್ಕದ ಉದ್ದನೆಯ ಶೆಡ್ಡಿನಲ್ಲಿ ಕಿರಿದಾದ ಮಗ್ಗಗಳು ಅಂದಿಗೂ ಕಟಕಟ ಎನ್ನುತ್ತಿದ್ದವು. ಯಜಮಾನನಿಗೆ ಎಪ್ಪತ್ತು ದಾಟಿತ್ತು. ಅವನು ಕನ್ನಡಕ ಹಣೆಗೇರಿಸಿ, ಫ್ರಾಕಿನ ಪಟ್ಟಿಯನ್ನು ಕಣ್ಣಿಗೆ ಒತ್ತಿಕೊಳ್ಳುವಂತೆ ಹಿಡಿದು, "ನಮ್ಮ ಮಗ್ಗದ್ದೇ" ಎಂದ. ಕಪಾಟಿನಿಂದ ದಪ್ಪನೆಯ ಮಾದರಿ ಪುಸ್ತಕ ಇಳಿಸಿದ. ಒಂದೊಂದು ಪುಟಕ್ಕೂ ನೇಯ್ದ ಪಟ್ಟಿಗಳನ್ನು ಅಂಟಿಸಿ, ಪಕ್ಕದಲ್ಲಿ ತಾರೀಕು, ನೇಯಿಸಿದವರ ವಿಳಾಸ ಬರೆದಿತ್ತು. ಗುಬ್ಬಚ್ಚಿ ಎರಡು ಕಡೆ ಸಿಕ್ಕಿತು. ಮೊದಲನೆಯದರ ಪಕ್ಕ "ಹೊಲಿಗೆ ಟೀಚರ್, ಹಳೇ ಪ್ರೆಸ್ಸಿನ ಹಿಂದಿನ ಬೀದಿ, ಮಹಡಿ" ಎಂದಿತ್ತು. ಎಂಟು ವರ್ಷದ ಮೇಲೆ ಅದೇ ಗುಬ್ಬಚ್ಚಿ, ಅದೇ ಕೆಂಪು ಕೊಕ್ಕು. ವಿಳಾಸ ಮಾತ್ರ ಒಬ್ಬ ದೊಡ್ಡ ಜವಳಿ ವ್ಯಾಪಾರಿಯದು.

"ಇದೇನು, ಎರಡು ಜನ?" ಎಂದರು ನಂಬರಮ್ಮ.

ಯಜಮಾನ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟ. "ವ್ಯಾಪಾರಿ ಬಂದು, ಈ ಗುರುತು ಈಗ ನನ್ನ ಹೆಸರಲ್ಲಿ ನೋಂದಣಿ ಆಗಿದೆ, ನೇಯ್ಕೊಡು ಅಂದ. ಕಾಗದವನ್ನೂ ತೋರಿಸ್ದ. ಟೀಚರಮ್ಮನ್ನ ಒಂದು ಮಾತು ಕೇಳೋಣ ಅಂತ ನನಗೆ ಅನ್ನಿಸ್ತು. ಅನ್ನಿಸ್ತು ಅಷ್ಟೇ ಅಮ್ಮಾ, ಕೇಳಲಿಲ್ಲ. ನೇಯ್ಕೊಟ್ಟೆ."

ಹಳೇ ಪ್ರೆಸ್ಸಿನ ಹಿಂದಿನ ಬೀದಿಯಲ್ಲಿ ಆ ಮಹಡಿ ಇನ್ನೂ ಇತ್ತು. ಒಳಗೆ ಈಗ ಹಾಸಿಗೆಗಳನ್ನು ಸೂರಿನ ತನಕ ಪೇರಿಸಿಟ್ಟಿದ್ದರು. ಅವುಗಳ ಸಂದಿಯಲ್ಲಿ ನುಸುಳಿ ನಂಬರಮ್ಮ ಕಿಟಕಿಯ ಹತ್ತಿರ ಹೋದರು. ನೆಲದಲ್ಲಿ ಸಾಲಾಗಿ ಹೊಲಿಗೆ ಯಂತ್ರಗಳ ಕಾಲು ಊರಿದ್ದ ಗುಳಿಗಳು ಕಾಣುತ್ತಿದ್ದವು. ಎಣಿಸಿದರು. ನಾಲ್ಕು ಕಾಲಿಗೆ ಒಂದರಂತೆ ಹನ್ನೊಂದು ಯಂತ್ರ.

ಕೆಳಗೆ ಬೀಗದ ಕೈ ಮಾಡುವವನ ಅಂಗಡಿಯಿತ್ತು. ಅವನು ಅರದಿಂದ ಕಣ್ಣೆತ್ತದೆ ಹೇಳಿದ, "ನಾನು ನಿಕ್ಕರ್ ಹಾಕ್ಕೊಂಡು ಓಡಾಡೋ ಕಾಲದ ಮಾತು ಅಕ್ಕಾ. ಹನ್ನೊಂದು ಜನ ಹೆಂಗಸರು ಮೇಲೆ ಹೊಲೀತಿದ್ರು. ಒಬ್ಬರು ಇದ್ದಾರೆ ಇನ್ನೂ, ನೀರಿನ ಟ್ಯಾಂಕಿನ ಪಕ್ಕದ ವಠಾರದಲ್ಲಿ. ಕಾಜಾ ಅಜ್ಜಿ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ."

ಗುಂಡಿ ತೂರಿಸುವ ತೂತಿನ ಸುತ್ತ ಕೈಯಲ್ಲಿ ಹೊಲಿಯುವುದಕ್ಕೆ ಕಾಜಾ ಎನ್ನುತ್ತಾರೆ. ಅಜ್ಜಿ ಜೀವನವಿಡೀ ಹೆಚ್ಚಾಗಿ ಮಾಡಿದ್ದು ಅದೇ ಕೆಲಸ. ಎಂಬತ್ತನಾಲ್ಕು ವಯಸ್ಸು, ಬೆರಳುಗಳು ಒಳಕ್ಕೆ ಮಡಿಚಿಕೊಂಡಿದ್ದವು, ಮಾತು ಮಾತ್ರ ಹರಿತ. ಸೊಸೆ ಕುರ್ಚಿ ತಂದಿಟ್ಟು ಒಳಗೆ ಹೋದಳು. ನಂಬರಮ್ಮ ಚೀಲದಿಂದ ಫ್ರಾಕು ತೆಗೆದು ಎರಡೂ ಕೈಯಲ್ಲಿ ನೀಡಿದರು. ಅಜ್ಜಿ ಹಿಗ್ಗುತ್ತಾರೆ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾರೆ ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದರು.

ಅಜ್ಜಿ ಗುಬ್ಬಚ್ಚಿಯನ್ನು ನೋಡಲೇ ಇಲ್ಲ. ಬೆನ್ನಿನ ಕಾಜಾದ ಮೇಲೆ ಹೆಬ್ಬೆರಳಾಡಿಸಿದರು. ಕೆಳಗಿನ ಅಂಚನ್ನು ಮಗುಚಿ ನೋಡಿದರು. ಫ್ರಾಕನ್ನು ವಾಪಸು ಕೊಟ್ಟುಬಿಟ್ಟರು.

"ಹಕ್ಕಿ ನಮ್ಮದು, ಫ್ರಾಕು ನಮ್ಮದಲ್ಲ. ನಾವು ಕೆಳಗಡೆ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಚಿ ಬಿಡ್ತಿದ್ವಿ. ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡ್ಕೊಳ್ಳಲಿ ಅಂತ. ಇದರಲ್ಲಿ ಒಂದು ಬೆರಳೂ ಇಲ್ಲ ನೋಡು."

ಆಮೇಲೆ ಒಂದೊಂದಾಗಿ ಹೇಳಿದರು. ಹೊಲಿಗೆ ಟೀಚರ್ ಶಾಲೆಯ ಕೆಲಸ ಬಿಟ್ಟು, ಗಂಡ ಸತ್ತವರು, ಗಂಡ ಬಿಟ್ಟವರು, ಗಂಡನಿದ್ದೂ ಉಪಯೋಗವಿಲ್ಲದವರು ಎಂದು ಹನ್ನೊಂದು ಜನರನ್ನು ಕಲೆಹಾಕಿದ್ದು. ಮಹಡಿಯ ಕಿಟಕಿಯಲ್ಲಿ ಗೂಡು ಕಟ್ಟಿದ್ದ ಗುಬ್ಬಚ್ಚಿಯನ್ನು ನೋಡಿಯೇ ಆ ಗುರುತು ಬರೆದದ್ದು. ಗುರುತನ್ನು ನೋಂದಾಯಿಸಬೇಕು ಎಂಬುದು ಟೀಚರಿಗೆ ಹೊಳೆದಿರಲೇ ಇಲ್ಲ. ಹಕ್ಕಿಗೆ ಯಾವ ಕಾಗದ ಎನ್ನುತ್ತಿದ್ದರಂತೆ. ವ್ಯಾಪಾರಿ ಅದನ್ನು ತನ್ನ ಹೆಸರಿಗೆ ಮಾಡಿಕೊಂಡ ಮೇಲೆ ವಕೀಲರ ಪತ್ರ ಬಂತು: ಇನ್ನು ಮುಂದೆ ನಿಮ್ಮ ಬಟ್ಟೆಗೆ ಈ ಗುರುತು ಹಾಕಕೂಡದು. ಟೀಚರ್ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾಲ್ಕನೆಯ ದಿನ ಎಲ್ಲರನ್ನೂ ಕೂರಿಸಿಕೊಂಡು ಕೊಕ್ಕಿನ ಕೆಂಪು ದಾರದ ಉಂಡೆ ತೆಗೆದರು.

"ಹಕ್ಕಿ ಕಿತ್ಕೊಂಡ್ರು, ಕೊಕ್ಕು ಇಟ್ಕೊಳ್ಳೋಣ ಅಂದ್ರು" ಎಂದರು ಅಜ್ಜಿ. "ಲೇಬಲ್ ಇರ್ತಿದ್ದ ಜಾಗದಲ್ಲಿ, ಕತ್ತಿನ ಹಿಂದೆ ಒಳಗಡೆ, ಒಂದು ಕೆಂಪು ಗಂಟು. ಎರಡು ತುದಿ ಚೂರು ಹೊರಗೆ. ಪ್ರತಿಯೊಬ್ಬರೂ ತಾವು ಹೊಲಿದದ್ದಕ್ಕೆ ತಾವೇ ಹಾಕಬೇಕು. ಟೀಚರಮ್ಮ ಹೋಗೋ ತನಕ, ಇನ್ನೂ ಆರು ವರ್ಷ ಹಾಗೇ ನಡೆಸಿದ್ವಿ. ಹೆಸರಿಲ್ಲದ ಫ್ರಾಕುಗಳೇ ನಮ್ಮವು ಕಣಮ್ಮ."

ನಂಬರಮ್ಮ ಕೈಯಲ್ಲಿದ್ದ ಫ್ರಾಕಿನ ಕತ್ತಿನ ಹಿಂದೆ ಬೆರಳಿಟ್ಟರು.

ಆ ಗಂಟು ಅವರಿಗೆ ಗೊತ್ತಿತ್ತು. ಲೇಬಲ್ಲಿಲ್ಲದ ಮಕ್ಕಳ ಫ್ರಾಕುಗಳು, ನಾಲ್ಕು ಬೆರಳು ಮಡಿಕೆ, ಕತ್ತಿನ ಹಿಂದೆ ಸರಿಯಾಗಿ ಅವರು ನಂಬರು ಬರೆಯುವ ಜಾಗದಲ್ಲೇ ಒಂದು ಕೆಂಪು ದಾರ. ಅದು ನಿಬ್ಬಿಗೆ ತೊಡರಿ ಮಸಿ ಹರಡುತ್ತಿತ್ತು. ಯಾರೋ ಹೊಲಿಯುವಾಗ ಬಿಟ್ಟ ದಾರ ಎಂದುಕೊಂಡು ಅವರು ಸಣ್ಣ ಕತ್ತರಿಯಿಂದ ಚಿಟಕ್ಕೆಂದು ಕತ್ತರಿಸಿ, ಆಮೇಲೆ ನಂಬರು ಬರೆಯುತ್ತಿದ್ದರು. ಒಂದಲ್ಲ, ಎರಡಲ್ಲ. ಊರಿನ ಅರ್ಧ ಮಕ್ಕಳ ಒಳ್ಳೆಯ ಬಟ್ಟೆ ಆ ಲಾಂಡ್ರಿಗೇ ಬರುತ್ತಿತ್ತು. "ನಿನ್ನ ಕೈ ದಾಟಿದ ಬಟ್ಟೆಯಲ್ಲಿ ಒಂದು ಎಳೆ ಆಚೀಚೆ ಇರಲ್ಲ" ಎಂದು ಲಾಂಡ್ರಿಯ ಯಜಮಾನರು ಹೊಗಳಿದ್ದೂ ಉಂಟು.

ಅಜ್ಜಿಗೆ ಅದೇನನ್ನೂ ಹೇಳದೆ, "ಹೊತ್ತಾಯ್ತು" ಎಂದು ಎದ್ದು ಬಂದುಬಿಟ್ಟರು.

ಎರಡು ವಾರ ನಂಬರಮ್ಮ ಅಂಗಡಿಯ ಕೋಣೆಗೆ ಕಾಲಿಡಲಿಲ್ಲ. ತಂಗಿಯ ಮಗಳಿಗೆ ನಡೆದದ್ದನ್ನು ಬಿಟ್ಟು ಬಿಟ್ಟು ಹೇಳಿದಾಗ ಅವಳು, "ನಿಮಗೇನು ಗೊತ್ತಿತ್ತು ದೊಡ್ಡಮ್ಮ? ಗೊತ್ತಿಲ್ಲದೆ ಮಾಡಿದ್ದಕ್ಕೆ ಯಾಕಿಷ್ಟು ಸಂಕಟ?" ಎಂದಳು.

"ಗೊತ್ತಿರಲಿಲ್ಲ, ನಿಜ. ಒಂದೇ ಜಾಗ, ಒಂದೇ ಬಣ್ಣ, ಆರು ವರ್ಷ. ಇದೇನು ಅಂತ ಒಂದು ಸಲ ಕೇಳ್ಕೋಬಹುದಿತ್ತಲ್ಲ" ಎಂದರು ನಂಬರಮ್ಮ.

ಮೂರನೆಯ ವಾರ ಮತ್ತೆ ವಠಾರಕ್ಕೆ ಹೋದರು. ಕುರ್ಚಿಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಅಜ್ಜಿಯ ಎದುರು ಕೂತು, ಎಲ್ಲವನ್ನೂ ಹೇಳಿದರು. ಕತ್ತರಿಯ ವಿಷಯವನ್ನೂ ಬಿಡಲಿಲ್ಲ.

ಒಳಗೆ ಸೊಸೆ ಪಾತ್ರೆ ಉಜ್ಜುವ ಸದ್ದು ನಿಂತಿತು. ಅವಳೂ ಕೇಳಿಸಿಕೊಳ್ಳುತ್ತಿದ್ದಳೋ ಏನೋ.

"ನೀನೇನಾ ಅದು" ಎಂದರು ಅಜ್ಜಿ. "ಲಾಂಡ್ರಿಗೆ ಹೋಗಿ ಬಂದ ಫ್ರಾಕಲ್ಲಿ ಗಂಟು ಇರ್ತಿರಲಿಲ್ಲ. ದುರಸ್ತಿಗೆ ಅಂತ ನಮ್ಮ ಹತ್ರ ವಾಪಸು ಬರ್ತಿತ್ತಲ್ಲ, ಆಗ ನೋಡ್ತಿದ್ವಿ. ಸರಿಯಾಗಿ ಹಾಕಿಲ್ಲ ಅಂತ ಟೀಚರಮ್ಮ ನಮ್ಮನ್ನೇ ಬಯ್ಯೋರು. ನಾನೊಂದು ಸಲ ಅತ್ತೂ ಬಿಟ್ಟಿದ್ದೆ."

ನಂಬರಮ್ಮ ತಲೆ ತಗ್ಗಿಸಿದರು.

"ಬಯ್ಯೋಕೆ ಈಗ ಶಕ್ತಿ ಇಲ್ಲ. ಇದ್ದಿದ್ರೆ ಬಿಡ್ತಿರಲಿಲ್ಲ" ಎಂದು ಅಜ್ಜಿ ಕಾಲು ನೀಡಿಕೊಂಡರು. "ನಿನಗೆ ಬರವಣಿಗೆ ಬರುತ್ತಲ್ಲ? ಹಾಗಿದ್ರೆ ಒಂದು ಪುಸ್ತಕ ತಗೊಂಡು ಬಾ. ನಂಬರಲ್ಲ ಮತ್ತೆ, ಹೆಸರು ಬರೀಬೇಕು."

ಹಾಗೆ ಶುರುವಾಯಿತು. ವಾರಕ್ಕೆರಡು ಸಲ ನಂಬರಮ್ಮ ರಟ್ಟಿನ ಪುಸ್ತಕ ಹಿಡಿದು ಹೋಗುವರು, ಅಜ್ಜಿ ಹೇಳುವರು. ಟೀಚರಿಂದ ಮೊದಲಾಗಿ ಯಾರು ತೋಳು ಚೆನ್ನಾಗಿ ಹೊಲಿಯುತ್ತಿದ್ದರು, ಯಾರ ಗೆರೆ ಸೊಟ್ಟ, ಯಾರು ಹೆಚ್ಚು ಹಾಡುತ್ತಿದ್ದರು, ಹೆರಿಗೆಗೆ ಒಂದು ವಾರವಿರುವ ತನಕ ಪೆಡಲ್ ತುಳಿದವರು ಯಾರು. ತಾನು ದಿನಕ್ಕೆ ಅರವತ್ತು ಕಾಜಾ ಮಾಡುತ್ತಿದ್ದೆನೆಂದು ಅಜ್ಜಿ ಹೇಳಿದಾಗ ಸೊಸೆ ಒಳಗಿನಿಂದ, "ಹೋದ ವಾರ ನಲವತ್ತು ಅಂದಿದ್ರಿ" ಎಂದಳು. "ಹೋದ ವಾರ ಮೈ ಹುಷಾರಿರಲಿಲ್ಲ" ಎಂದರು ಅಜ್ಜಿ. ಹೀಗೆ ಟೀಚರನ್ನು ಬಿಟ್ಟು ಹತ್ತು ಹೆಸರು ಸಿಕ್ಕವು. ಹನ್ನೊಂದನೆಯದು ನೆನಪಿಗೆ ಬರಲೇ ಇಲ್ಲ. ಬಾಗಿಲ ಪಕ್ಕದ ಯಂತ್ರ, ಎತ್ತರದ ಹೆಂಗಸು, ಮಾತು ಕಡಿಮೆ. ಅಷ್ಟೇ. "ನಾಲಿಗೆ ತುದೀಲಿದೆ, ನಾಳೆ ಹೇಳ್ತೀನಿ" ಎನ್ನುತ್ತಲೇ ಇದ್ದ ಅಜ್ಜಿ, ಚಳಿಗಾಲ ಮುಗಿಯುವ ಮೊದಲು ಒಂದು ಮಧ್ಯಾಹ್ನ ಮಲಗಿದ್ದವರು ಏಳಲಿಲ್ಲ.

ತಂಗಿಯ ಮಗಳು ಗಿರಾಕಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಸಿರು ಫ್ರಾಕನ್ನು ಆಕೆ ಒಯ್ಯಲಿಲ್ಲ. ಆಮೇಲೆ ಊರಿನ ಟ್ರಂಕುಗಳಿಂದ ಕೆಂಪು ಗಂಟು ಉಳಿದಿದ್ದ ನಾಲ್ಕೇ ನಾಲ್ಕು ಫ್ರಾಕು ಸಿಕ್ಕವು. ನಾಲ್ಕನ್ನೂ, ರಟ್ಟಿನ ಪುಸ್ತಕವನ್ನೂ ನಂಬರಮ್ಮ ಗ್ರಂಥಾಲಯಕ್ಕೆ ಕೊಟ್ಟರು. ಅಲ್ಲಿನ ಗಾಜಿನ ಕಪಾಟಿನಲ್ಲಿ ಅವು ಈಗಲೂ ಇವೆ.

ಕಪಾಟು ತೆರೆದ ಎರಡನೆಯ ತಿಂಗಳು ಒಬ್ಬ ಬಸ್ ಕಂಡಕ್ಟರ್ ಬಂದು, ತನ್ನ ತಾಯಿಯೂ ಆ ಮಹಡಿಯಲ್ಲಿ ಹೊಲಿಯುತ್ತಿದ್ದಳು, ಹೆಸರು ಬಿಟ್ಟುಹೋಗಿದೆ ಎಂದ. ಬಾಗಿಲ ಪಕ್ಕವೇ ಕೂರುತ್ತಿದ್ದಳಂತೆ. ಗ್ರಂಥಪಾಲಕರು ಹೇಳಿಕಳಿಸಿದಾಗ ನಂಬರಮ್ಮ ಹೋಗಿ ಪುಸ್ತಕದಲ್ಲಿ ಹನ್ನೊಂದನೆಯದಾಗಿ ಆ ಹೆಸರು ಬರೆದರು. ಹದಿನೈದು ದಿನ ಕಳೆದ ಮೇಲೆ ಅಕ್ಕತಂಗಿಯರಿಬ್ಬರು ಬಂದರು. ಅವರ ತಾಯಿಯೂ ಬಾಗಿಲ ಪಕ್ಕ, ಅವಳೂ ಎತ್ತರ, ಅವಳದೂ ಮಾತು ಕಡಿಮೆ. ಹೆಸರು ಮಾತ್ರ ಬೇರೆ.

ಗ್ರಂಥಪಾಲಕರು ತಲೆ ಕೆರೆದುಕೊಂಡರು. "ಯಂತ್ರ ಇದ್ದದ್ದು ಹನ್ನೊಂದು ಅಂತ ನೀವೇ ಬರೆದಿದ್ದೀರಿ. ಇಬ್ಬರಲ್ಲಿ ಒಬ್ಬರದು ಸುಳ್ಳಿರಬೇಕಲ್ಲ?"

"ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು ಬಂದಿರಬಹುದು. ಇಲ್ಲದೆಯೂ ಇರಬಹುದು. ಹೇಳೋರು ಈಗ ಯಾರೂ ಉಳಿದಿಲ್ಲ" ಎಂದರು ನಂಬರಮ್ಮ. "ನಾನು ತಪ್ಪೋದಾದ್ರೆ ಈ ಸಲ ಹೆಚ್ಚಿಗೇ ತಪ್ಪಲಿ ಸಾರ್, ಒಂದು ಹೆಸರೂ ಕಡಿಮೆ ಆಗೋದು ಬೇಡ."

ಪೆನ್ನಿನ ಮುಚ್ಚಳ ತೆಗೆದು, ಹನ್ನೊಂದನೆಯ ಹೆಸರಿನ ಕೆಳಗೆ ಹನ್ನೆರಡನೆಯದನ್ನೂ ಬರೆದರು. ಅಕ್ಕತಂಗಿಯರ ಕಡೆಗೆ ಪುಸ್ತಕ ತಿರುಗಿಸಿ, ಕಾಗುಣಿತ ಸರಿಯಿದೆಯೇ ಎಂದು ಓದಿ ನೋಡಲು ಹೇಳಿದರು.