ಸೀಟು ಇಳಿಸಿದ ದಿನ

ಅವತ್ತು ಬೆಳಗ್ಗೆ ಮಗಳಿಗೆ ಊಟದ ಡಬ್ಬಿ ಕಟ್ಟಿಕೊಟ್ಟು, ಹೋದ ವರ್ಷ ತೀರಿಕೊಂಡ ನಮ್ಮ ಯಜಮಾನರ ಸೈಕಲ್ಲನ್ನು ಹಿರಿಯೂರಿನ ನಮ್ಮ ಬೀದಿಯ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಇನ್ನು ಅದು ಮಗಳಿಗೆ.

ಬ್ರೇಕು ಸರಿಮಾಡಿದ ಮೇಲೆ ಶಾಪಿನ ಅಜ್ಜ ಸ್ಪ್ಯಾನರ್ ಹಿಡಿದು, "ಸೀಟು ಇಳಿಸ್ಲೇನಮ್ಮ? ಹುಡುಗಿಗೆ ಕಾಲು ಎಟುಕಲ್ಲ" ಎಂದರು. ಆ ಎತ್ತರ ಯಜಮಾನರು ಇಟ್ಟುಕೊಂಡಿದ್ದು. ನಾನು ಸೀಟಿನ ಮೇಲೆ ಕೈಯಿಟ್ಟು ನಿಂತೆ.

ನನ್ನ ಮುಖ ನೋಡಿದ ಅಜ್ಜ, ಸೀಟಿನ ಕಂಬಿ ಫ್ರೇಮಿನ ಕೊಳವೆಗೆ ಇಳಿಯುವ ಕಡೆ ಅರದಿಂದ ಒಂದು ಗೆರೆ ಗೀಚಿದರು. "ಅವರ ಎತ್ತರ ಇಲ್ಲೈತೆ ಬಿಡ್ರಿ. ಒಳಗೆ ಹೋದ್ರೂ ಗೆರೆ ಅಳಿಯಲ್ಲ."

ನಾನು ತಲೆಯಾಡಿಸಿದೆ. ಸೀಟು ಇಳಿಯಿತು, ಗೆರೆ ಕೊಳವೆಯೊಳಗೆ ಮರೆಯಾಯಿತು.

ಸಂಜೆ ಮಗಳು ಬೀದಿಯಲ್ಲಿ ಒಂದು ಸುತ್ತು ಹೊಡೆದಳು. ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆ, "ಥೇಟ್ ಅವರಪ್ಪನಂಗೇ ಒಂದ್ ಕಡೆ ವಾಲ್ಕಂಡು ತುಳೀತಾಳೆ ನೋಡ್ರಿ" ಎನ್ನುತ್ತಾ ಒಳಗೆ ಹೋದರು.