ಎಲ್ಲರ ಕೈಯಲ್ಲೂ ಚೀಲವಿತ್ತು

ಮೊದಲು ಬಸ್ ಸ್ಟಾಪಿನಲ್ಲಿ ಯಾರು ಯಾರಿದ್ದರು ಅಂತ ಹೇಳಿಬಿಡುತ್ತೇನೆ. ಕೇಳಬೇಕಾದವರು ಕೇಳಿದಾಗ ನಾನು ಸರಿಯಾಗಿ ಹೇಳಲಿಲ್ಲ.

ಯಲಹಂಕದಿಂದ ಹೆಬ್ಬಾಳದ ಕಡೆ ಹೋಗುವ ಬಸ್ಸಿಗೆ ಕಾಯುತ್ತಿದ್ದೆವು. ಬೆಳಿಗ್ಗೆ ಹತ್ತರ ಹೊತ್ತು. ಕನಕಾಂಬರದ ಬುಟ್ಟಿ ಇಟ್ಟುಕೊಂಡ ಹೂವಿನ ಹೆಂಗಸು. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಇಬ್ಬರು ಕಾಲೇಜು ಹುಡುಗಿಯರು. ಲ್ಯಾಪ್‌ಟಾಪ್ ಬ್ಯಾಗಿನ ಒಬ್ಬಾತ, ಫೋನಿನಲ್ಲಿ ಯಾರಿಗೋ 'ಹೆಬ್ಬಾಳ ದಾಟಿದೆ ಗುರು' ಅಂತ ಸುಳ್ಳು ಹೇಳುತ್ತಿದ್ದ. ರಾಜಾನುಕುಂಟೆ ಕಡೆಯ ಗಂಡಹೆಂಡತಿ, ಅವರ ಗೋಣಿಚೀಲದ ತುಂಬ ಅವರೆಕಾಯಿ. ಬುರ್ಖಾ ಹಾಕಿದ್ದ ಒಬ್ಬ ಹೆಂಗಸು, ಕೈಯಲ್ಲಿ ನೀಲಿ ಬ್ಯಾಗು. ಆಮೇಲೆ ಪುಟ್ಟೇನಹಳ್ಳಿಯ ಪಂಕಜ, ಅಂದರೆ ನಾನು, ಅರವತ್ತೊಂದು ವರ್ಷ. ಯಾರದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟಿದ್ದ ಹಳದಿ ಚೀಲ ನನ್ನ ಕೈಯಲ್ಲಿ. ಅದರೊಳಗೆ ಎರಡು ಕಟ್ಟು ಸಬ್ಬಸಿಗೆ ಸೊಪ್ಪು, ತಂಗಿಗೆ ಅಂತ ಮಾಡಿದ ಚಟ್ನಿಪುಡಿ.

ಬಾಂಬು ಸಿಡಿದ ಶಬ್ದ ನನಗೆ ಕೇಳಿಸಲೇ ಇಲ್ಲ.

ಯಾರೋ ಬೆನ್ನಿಗೆ ಬಾಗಿಲು ತಳ್ಳಿದ ಹಾಗಾಯಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಸುತ್ತ ಎಲ್ಲರ ಬಾಯಿ ತೆರೆದಿತ್ತು, ಸದ್ದಿಲ್ಲ. ಆಮೇಲೆ ಎಡಗಿವಿಯಲ್ಲಿ ಕುಕ್ಕರ್ ಕೂಗಲು ಶುರುವಾಯಿತು. ಆ ಕುಕ್ಕರನ್ನು ಇನ್ನೂ ಯಾರೂ ಇಳಿಸಿಲ್ಲ. ಈಗ ಬರೆಯುವಾಗಲೂ ಕೂಗುತ್ತಿದೆ. ಡಾಕ್ಟರ್ ಅದಕ್ಕೆ ಟಿನ್ನಿಟಸ್ ಅಂದರು. ಇಯರ್‌ಡ್ರಮ್ ಹರಿದಿದೆ ಅಂದರು. ಎಡ ಮೀನಖಂಡದಿಂದ ಏಳು ಚೂರು ತೆಗೆದರು, ತೊಡೆಯ ಚರ್ಮ ಕಿತ್ತು ಅಲ್ಲಿಗೆ ಸ್ಕಿನ್ ಗ್ರಾಫ್ಟ್ ಮಾಡಿದರು.

ಹೂವಿನ ಹೆಂಗಸು ಉಳಿಯಲಿಲ್ಲ.

ಅದನ್ನು ಒಂಬತ್ತು ದಿನ ನನ್ನಿಂದ ಮುಚ್ಚಿಟ್ಟಿದ್ದರು. ಆವತ್ತು ಬೆಳಿಗ್ಗೆ ಒಂದು ಮೊಳ ಕಡಿಮೆ ಹಾಕಿದಳು ಅಂತ ಅವಳ ಜೊತೆ ಜಗಳವಾಡಿದ್ದೆ. ಬಾಂಬ್ ಇಟ್ಟವನು ಈಗ ಎದುರಿಗೆ ಬಂದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ಈ ಮುದುಕಿಗೆ ಸಿಟ್ಟೇ ಇಲ್ಲ ಅಂದುಕೊಳ್ಳಬೇಡಿ.

ಎರಡನೇ ದಿನ ಪೊಲೀಸ್ ಇನ್ಸ್‌ಪೆಕ್ಟರ್ ಬಂದರು. ಮರ್ಯಾದಸ್ಥರು. ಸ್ಟೂಲ್ ಎಳೆದುಕೊಂಡು, ನನ್ನ ಬಲಗಿವಿಯ ಹತ್ತಿರ ಬಾಗಿ ಕೇಳಿದರು. "ಅಲ್ಲಿ ಅನುಮಾನ ಬರೋ ಥರ ಯಾರಾದ್ರೂ ಇದ್ರಾಮ್ಮ?"

"ಬುರ್ಖಾ ಹಾಕ್ಕೊಂಡಿದ್ದ ಒಬ್ಳು ಇದ್ಲು. ಕೈಲಿ ನೀಲಿ ಬ್ಯಾಗಿತ್ತು."

ಅಷ್ಟೇ ಹೇಳಿದ್ದು. ಪಕ್ಕದಲ್ಲಿ ನಿಂತಿದ್ದ ಮಗ ಮಂಜು ತಲೆ ಆಡಿಸಿದ. ಅವರು ಬರೆದುಕೊಂಡರು. ನಾನು ಹೆಬ್ಬೆಟ್ಟು ಒತ್ತಿದೆ, ಕೈಗೆ ಡ್ರಿಪ್ ಚುಚ್ಚಿದ್ದರು, ಸೈನ್ ಮಾಡಲಾಗಲಿಲ್ಲ.

ನಾಲ್ಕನೇ ದಿನ ಬಲಗಡೆಯ ಬೆಡ್ಡಿಗೆ ಒಬ್ಬಳನ್ನು ತಂದು ಹಾಕಿದರು. ಆಸ್ಪತ್ರೆಯ ಹಸಿರು ಗೌನು, ಬೋಳಿಸಿದ ಅರ್ಧ ತಲೆ, ಬಲಗೈಗೆ ಬೂದುಗುಂಬಳದಷ್ಟು ದಪ್ಪ ಬ್ಯಾಂಡೇಜು. ಹೆಸರು ಶಮೀಮ್. ನಲವತ್ತರ ಆಸುಪಾಸು. ಅವಳೂ ಅದೇ ಸ್ಟಾಪಿನಿಂದ ಬಂದವಳು ಅಂತ ಸಿಸ್ಟರ್ ಹೇಳಿದರು, ನನಗೆ ಗುರುತು ಸಿಗಲಿಲ್ಲ. ಅವಳಿಗೆ ಬಲಗಿವಿ ಹೋಗಿತ್ತು, ನನಗೆ ಎಡಗಿವಿ. ಮಲಗಿದರೆ ಇಬ್ಬರ ಒಳ್ಳೆಯ ಕಿವಿಗಳು ಎದುರುಬದುರು. ಆದರೂ ಕಿರುಚಿಯೇ ಮಾತಾಡುತ್ತಿದ್ದೆವು.

"ನಿಮ್ದೊಂದು ನಂದೊಂದು ಕಿವಿ ಸೇರಿಸಿದ್ರೆ ಒಬ್ಳು ಪೂರ್ತಿ ಹೆಂಗಸಾಗ್ತಾಳೆ ಅಮ್ಮಾ," ಅಂದಳು ಮೊದಲ ದಿನವೇ.

"ಆಗ್ತಾಳೆ. ಸೊಸೆ ಬೈದ್ರೆ ಎರಡೂ ಕಡೆಯಿಂದ ಕೇಳಿಸ್ಕೊಳ್ತಾಳೆ," ಅಂದೆ.

"ಮೆಲ್ಲಗೆ ಕಣ್ರಮ್ಮಾ," ಅಂದರು ಸಿಸ್ಟರ್. "ಇದು ವಾರ್ಡು, ಸಂತೆ ಅಲ್ಲ."

ಅವಳು ಸೀರೆಗೆ ಕುಚ್ಚು ಕಟ್ಟುವವಳು. ರೇಷ್ಮೆ ಸೆರಗಿನ ಎಳೆಗಳನ್ನು ಗಂಟು ಹಾಕಿ, ಮಣಿ ಪೋಣಿಸಿ, ದಿನಕ್ಕೆ ಎರಡು ಸೀರೆ. ಗಂಡ ಅಕ್ರಮ್‌ಗೆ ಆರ್.ಟಿ. ನಗರದಲ್ಲಿ ಸೋಫಾ ರಿಪೇರಿ ಕೆಲಸ. ಬ್ಯಾಂಡೇಜಿನೊಳಗೆ ಎರಡು ಬೆರಳಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಆದರೂ ಎಡಗೈಯಲ್ಲಿ ಹೊದಿಕೆಯ ಅಂಚಿನ ದಾರ ಬಿಡಿಸಿ ಬಿಡಿಸಿ ಗಂಟು ಹಾಕಲು ನೋಡುತ್ತಿದ್ದಳು. ಬೀಳುತ್ತಿರಲಿಲ್ಲ.

ದೊಡ್ಡವರೊಬ್ಬರು ವಾರ್ಡಿಗೆ ಭೇಟಿ ಕೊಟ್ಟರು. ಹಿಂದೆ ಕ್ಯಾಮೆರಾ. ನನ್ನ ಕೈಗೆ ಹಣ್ಣಿನ ಬುಟ್ಟಿ ಇಟ್ಟರು, ತಲೆ ಸವರಿದರು. ಮುಂದಿನ ಬೆಡ್ಡಿನ ಚೀಟಿಯಲ್ಲಿದ್ದ ಹೆಸರು ಓದಿದರು. ಅದರಾಚೆಯ ಬೆಡ್ಡಿಗೆ ಹೋದರು. ಶಮೀಮ್ ಎದ್ದು ಕೂರಲು ಅರ್ಧ ಏಳುತ್ತಿದ್ದವಳು ಹಾಗೇ ಮಲಗಿದಳು. ಹಣ್ಣು ಕೊಡಲು ಹೋದೆ. "ಬೇಡಮ್ಮಾ, ಅದು ನಿಮ್ಮ ಹೆಸರಿಗೆ ಬಂದಿದ್ದು," ಅಂದಳು.

ಅವಳನ್ನು ನೋಡಲು ಬರುತ್ತಿದ್ದವರು ಪೊಲೀಸರು ಮಾತ್ರ. ದಿನಕ್ಕೊಮ್ಮೆ. ಗಂಡ ಯಾಕೆ ಬರುತ್ತಿಲ್ಲ ಅಂತ ಒಂದು ಮಧ್ಯಾಹ್ನ ಕೇಳಿದೆ.

"ಸ್ಟೇಷನ್ನಲ್ಲಿ ಕೂರಿಸ್ಕೊಂಡಿದಾರೆ ಅಮ್ಮಾ, ಮೂರು ದಿನ ಆಯ್ತು. ಮನೇಲಿ ಇದ್ದ ಸೀರೆ ಎಲ್ಲ ಕೊಡವಿ ಹುಡುಕಿದ್ರಂತೆ. ನನ್ನ ಬ್ಯಾಗಲ್ಲಿ ಏನಿತ್ತು ಅಂತ ಅದೊಂದೇ ಕೇಳ್ತಾರೆ. ಕುಚ್ಚಿಗೆ ಕೊಟ್ಟಿದ್ದ ಎರಡು ಸೀರೆ ಅಂದ್ರೆ ನಂಬಲ್ಲ. ಯಾರೋ ಹೇಳಿದಾರಂತೆ, ಬುರ್ಖಾ ಇತ್ತು, ನೀಲಿ ಬ್ಯಾಗಿತ್ತು ಅಂತ."

ಆ ಯಾರೋ ನಾನು.

ನಾನು ಸುಳ್ಳು ಹೇಳಿರಲಿಲ್ಲ. ಬುರ್ಖಾ ಇತ್ತು, ಬ್ಯಾಗೂ ಇತ್ತು. ಆದರೆ ಅಲ್ಲಿ ಎಲ್ಲರ ಕೈಯಲ್ಲೂ ಏನಾದರೊಂದು ಇತ್ತು. ಗೋಣಿಚೀಲ ನನ್ನ ಕಣ್ಣಿಗೆ ಅನುಮಾನವಾಗಿ ಕಾಣಲಿಲ್ಲ, ಲ್ಯಾಪ್‌ಟಾಪು ಕಾಣಲಿಲ್ಲ. ನಮ್ಮಜ್ಜಿ ಮಾತಿಗೆ ಮುಂಚೆ 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುತ್ತಿದ್ದಳು. ನಾನೂ ಆ ಗಾದೆಯನ್ನು ಮೊಮ್ಮಗಳಿಗೆ ಬಾಯಿಪಾಠ ಮಾಡಿಸಿದವಳೇ. ಪ್ರಶ್ನೆ ಕೇಳಿದ ಅರೆಗಳಿಗೆಯಲ್ಲಿ ಅಷ್ಟು ಜನರನ್ನೂ ಜರಡಿ ಹಿಡಿದು, ಒಬ್ಬಳನ್ನು ಮಾತ್ರ ಮೇಲೆ ಉಳಿಸಿದ್ದೆ. ಆ ಜರಡಿ ನನ್ನೊಳಗೆ ಯಾವಾಗಿನಿಂದ ಇತ್ತೋ, ಬಾಂಬ್ ಇಟ್ಟವನಂತೂ ಕೊಟ್ಟಿದ್ದಲ್ಲ.

ಹೇಳದೆ ಇರಬಹುದಿತ್ತು. ಇರಲಾಗಲಿಲ್ಲ.

"ಶಮೀಮ್, ಅದನ್ನ ಹೇಳಿದ್ದು ನಾನೇ."

ಅವಳು ಚಾವಣಿ ನೋಡುತ್ತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ ಕೇಳಿದಳು. "ನಿಮ್ಮ ಕೈಲೂ ಬ್ಯಾಗಿತ್ತಾ?"

"ಇತ್ತು."

"ಅದರಲ್ಲಿ ಏನಿತ್ತು ಅಂತ ಕೇಳಿದ್ರಾ?"

"ಇಲ್ಲ."

ಅವಳು ನನ್ನ ಕಡೆಗೇ ತಿರುಗಿದಳು. ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಕಣ್ಣು ಮುಚ್ಚಿದಳು. ಇನ್ನು ನಾನೇನು ಹೇಳಿದರೂ ಅವಳಿಗೆ ಕೇಳಿಸುವ ಹಾಗಿರಲಿಲ್ಲ.

ಇನ್ಸ್‌ಪೆಕ್ಟರನ್ನು ಮತ್ತೆ ಕರೆಸು ಅಂತ ಮಂಜುಗೆ ಹೇಳಿದೆ.

"ಯಾಕಮ್ಮ ಇಲ್ಲದ ತಲೆನೋವು? ಅವರ ಕೆಲಸ ಅವರು ಮಾಡ್ತಾರೆ."

"ಆ ತಲೆನೋವು ತಂದಿದ್ದು ನಾನು ಕಣೋ. ನೀನು ಕರೆಸದಿದ್ರೆ ವಾಕರ್ ಹಿಡ್ಕೊಂಡು ನಾನೇ ಸ್ಟೇಷನ್ನಿಗೆ ಹೋಗ್ತೀನಿ."

ಬಂದರು. ಈ ಸಲ ಎಲ್ಲರನ್ನೂ ಹೇಳಿದೆ, ಮೇಲೆ ಬರೆದ ಹಾಗೆ, ಅವರೆಕಾಯಿ ಸಮೇತ. ನನಗಿಂತ ಮೊದಲೇ ಶಮೀಮ್ ಅಲ್ಲಿದ್ದಳು, ಬ್ಯಾಗನ್ನು ಒಮ್ಮೆಯೂ ಕೆಳಗಿಡಲಿಲ್ಲ ಅಂತಲೂ ಹೇಳಿದೆ. ಅದನ್ನೂ ನೋಡಿದ್ದೆ. ಮೊದಲ ಸಲ ಅದು ಹೇಳಬೇಕಾದ ವಿಷಯ ಅನ್ನಿಸಿರಲಿಲ್ಲ.

"ಇಷ್ಟು ಜನ ನೆನಪಿದ್ರೆ, ಆವತ್ತು ಯಾಕಮ್ಮ ಒಬ್ಬರನ್ನೇ ಹೇಳಿದ್ರಿ?"

"ಅನುಮಾನ ಬರೋರು ಯಾರು ಅಂತ ಕೇಳಿದ್ರಿ ಸಾರ್. ನನಗೆ ಬಂದಿದ್ದು ಅವಳ ಮೇಲೆ."

ಅವರ ಪೆನ್ನು ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಬರೆದರು. ಈ ಸಲ ಸೈನ್ ಮಾಡಿದೆ.

ಮಾರನೆಯ ದಿನ ಅಕ್ರಮ್ ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಗಡ್ಡ ಕೆದರಿತ್ತು. ನನಗೆ ನಮಸ್ಕಾರ ಮಾಡಿದ. ನಾನು ಯಾರು ಅಂತ ಗೊತ್ತಿತ್ತೋ ಇಲ್ಲವೋ. ಅವರ ಮನೆ ಮಾಲೀಕ ಅಷ್ಟರಲ್ಲೇ ಮನೆ ಖಾಲಿ ಮಾಡಿ ಅಂದಾಗಿತ್ತು. ಅದನ್ನು ಯಾವ ಸೈನೂ ತಿದ್ದಲಿಲ್ಲ. ಶಮೀಮ್ ನನಗಿಂತ ಮೊದಲೇ ಡಿಸ್ಚಾರ್ಜ್ ಆದಳು. ಹೋಗುವಾಗ ಸಿಸ್ಟರಿಗೆ ಹೇಳಿಹೋದಳು, ನನಗೆ ಹೇಳಲಿಲ್ಲ.

ನಾನೂ ಮನೆಗೆ ಬಂದೆ. ಬ್ಯಾಂಡೇಜು ಸುತ್ತಿದ ನನ್ನ ಕಾಲಿನ ಫೋಟೋವನ್ನು ಮಂಜು ವಾಟ್ಸಪ್ಪಿಗೆ ಹಾಕಿದ್ದ, 'ಇವರಿಗೆ ಪಾಠ ಕಲಿಸುವುದು ಯಾವಾಗ' ಅಂತ ಬರೆದು. ಅದು ಬೀದಿಯೆಲ್ಲ ಸುತ್ತಿ ನನ್ನ ಫೋನಿಗೇ ವಾಪಸು ಬಂತು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಕಾಲನ್ನು ಯಾರ್ಯಾರೋ ನಡೆಸಿದ್ದರು. ನಮ್ಮ ಬೀದಿ ಗುಡಿಸುತ್ತಿದ್ದ ಅಸ್ಸಾಮಿನ ಗಂಡಹೆಂಡತಿಯನ್ನು ಅಸೋಸಿಯೇಷನ್ನಿನವರು ಆ ವಾರವೇ ಕೆಲಸದಿಂದ ಬಿಡಿಸಿದ್ದರು. ಅವರು ಹಿಂದೂಗಳೋ ಮುಸ್ಲಿಮರೋ ಯಾರೂ ಕೇಳಿಲ್ಲ. ಹೊರಗಿನವರು ಅನ್ನುವುದೇ ಸಾಕಾಯಿತು.

ತಿಂಗಳ ಮೇಲೆ ಬಾಂಬ್ ಇಟ್ಟವನು ಸಿಕ್ಕಿಬಿದ್ದ. ಟೀವಿಯಲ್ಲಿ ಹೆಸರು ಬಂತು. ಮುಸ್ಲಿಂ ಹೆಸರು.

"ನೋಡಿದ್ಯಾಮ್ಮ, ಕೊನೆಗೂ ಅವರೇ," ಅಂದ ಮಂಜು.

"ಅವರೇ ಅಲ್ಲ, ಅವನು. ಅವನಿಗೆ ಏನು ಶಿಕ್ಷೆಯಾದರೂ ಎದುರು ಕೂತು ನೋಡ್ತೀನಿ. ಆದರೆ ಶಮೀಮನ್ನ ಅವನ ಕಡೆಗೆ ಸೇರಿಸಬೇಡ. ಅವಳ ಬೆರಳು ಹೋಗಿದ್ದೂ ನನ್ನ ಕಾಲು ಹರಿದಿದ್ದೂ ಒಂದೇ ಬಾಂಬಿಗೆ."

ಮಗ ಟೀವಿ ಆರಿಸಿ ಎದ್ದುಹೋದ. ಒಪ್ಪಿದ ಅಂತ ಬರೆಯಲಾರೆ. ಆದರೆ ಆ ಫೋಟೋ ತೆಗೆದುಹಾಕಿದ್ದಾನೆ. ಡ್ರೆಸ್ಸಿಂಗಿಗೆ ಕರೆದುಕೊಂಡು ಹೋಗುವಾಗ ಬಿಗಿಯಾಗಿ ಕೈ ಹಿಡಿಯುತ್ತಾನೆ. ಕಾಲು ಬದುಕಿದೆ, ಮಗನೂ ಇದ್ದಾನೆ. ಸದ್ಯಕ್ಕೆ ಇಷ್ಟಕ್ಕೆ ದೇವರಿಗೆ ಕೈ ಮುಗಿಯುತ್ತೇನೆ.

ಕಳೆದ ವಾರ ಇಎನ್‌ಟಿಗೆ ಫಾಲೋ ಅಪ್ ಇತ್ತು. ಹೊರಗಿನ ಕುರ್ಚಿಗಳ ಸಾಲಿನಲ್ಲಿ ಶಮೀಮ್ ಇದ್ದಳು. ಬುರ್ಖಾ, ತೊಡೆಯ ಮೇಲೆ ಹೊಸದೊಂದು ಬ್ಯಾಗು. ನನ್ನನ್ನು ನೋಡಿ ಬೇರೆ ಕಡೆ ತಿರುಗಿದಳು. ನಾನು ಒಂದು ಕುರ್ಚಿ ಬಿಟ್ಟು ಕೂತೆ. ಅವಳ ಹೆಸರು ಕೂಗಿದ್ದು ಬಲಗಡೆಯಿಂದ, ಅವಳಿಗೆ ಕೇಳಿಸಲಿಲ್ಲ. ಭುಜ ಮುಟ್ಟಿ, "ಕರೀತಿದಾರೆ," ಅಂದೆ.

ಕಿವಿ ಪರೀಕ್ಷೆ ಕೋಣೆಯ ಬಾಗಿಲಲ್ಲಿದ್ದ ಟೆಕ್ನಿಷಿಯನ್, "ಬ್ಯಾಗ್ ಒಳಗೆ ತರೋ ಹಾಗಿಲ್ಲ," ಅಂದಳು. ಶಮೀಮ್ ಸುತ್ತ ನೋಡಿದಳು. ಬ್ಯಾಗನ್ನು ನಮ್ಮಿಬ್ಬರ ನಡುವಿನ ಖಾಲಿ ಕುರ್ಚಿಯ ಮೇಲಿಟ್ಟು ಒಳಗೆ ಹೋದಳು. ಎದುರು ಕೂತಿದ್ದವರು ಬ್ಯಾಗನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಸೆಕ್ಯುರಿಟಿಯವನು ಬಂದ.

"ಯಾರದ್ದಿದು?"

"ನಮ್ಮದು," ಅಂದೆ. ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅವಳು ಹೊರಗೆ ಬರುವವರೆಗೂ ಹಾಗೇ ಕೂತಿದ್ದೆ.